ಖಾಡಿಯಿಂದ ಬಂಡೆಯ ತೀರಕ್ಕೆ

ಭಿವಂಡಿಯ ಸುತ್ತಲಿನ ಖಾಡಿಯಲ್ಲಿ, ಅಂದರೆ ಅಳಿವೆಯಲ್ಲಿ, ಆಕ್ಟೋಪಸ್ ಬದುಕಲಾರದು. ಅದಕ್ಕೆ ಅಪ್ಪಟ ಕಡಲ ನೀರೇ ಬೇಕು; ನೀರಿನ ಉಪ್ಪು ತಗ್ಗಿದರೆ ಅದು ತಾಳುವುದಿಲ್ಲ. ಮಳೆಗಾಲದಲ್ಲಿ ಉಲ್ಹಾಸ್ ನದಿ ತುಂಬಿ ಬಂದಾಗ ಕಶೇಳಿ, ಕಾಲ್ಹೇರ್, ಕೋನ್ ಊರುಗಳ ಮುಂದಿನ ನೀರು ಹೆಚ್ಚುಕಡಿಮೆ ಸಿಹಿಯಾಗಿಬಿಡುತ್ತದೆ. ಹಾಗಾಗಿ ಕಲ್ಯಾಣ, ಡೊಂಬಿವಲಿ, ಠಾಣೆಯ ಹವ್ಯಾಸಿ ಗಾಳಗಾರನಿಗೆ ಆಕ್ಟೋಪಸ್ ಎದುರಾಗುವುದು ಖಾಡಿ ಬಿಟ್ಟು ಮುಂಬಯಿಯ ಬಂಡೆ ತೀರಕ್ಕೆ ಹೋದಮೇಲೆ. ಖಾಡಿ ಕೆಟ್ಟದ್ದರಿಂದಲೇ ತಾನು ಅದನ್ನು ಬಿಟ್ಟೆ ಎನ್ನುವುದನ್ನು ಅವನು ಮರೆತು ಬಂಡೆಯ ಬಿಲಕ್ಕೆ ಸರಳು ತೂರಿಸುವುದು ತಪ್ಪು ಎಂಬುದೇ ಇಲ್ಲಿ ನನ್ನ ವಾದ. ಹೊಟ್ಟೆಪಾಡಿಗಲ್ಲದೆ ಖುಷಿಗೆ ಹಿಡಿಯುವವನು ಗಾಳಕ್ಕೆ ತಾನಾಗಿ ಬಂದ ಆಕ್ಟೋಪಸನ್ನು ಮಾತ್ರ ಮನೆಗೆ ತರಬೇಕು.

ಖಾಡಿ ಒಂದೇ ದಿನದಲ್ಲಿ ಕೆಡಲಿಲ್ಲ. ಕೋಳಿ ಮತ್ತು ಆಗ್ರಿ ಸಮುದಾಯಗಳ ಜನ ಬೋಯಿ, ಜಿತಾಡಾ, ಶಿಂಗಾಳಾ ಮೀನು ಹಿಡಿಯುತ್ತಿದ್ದ ನೀರು ಅದು. ಉಡುಪಿ, ಮಂಗಳೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಿಗೂ ಅಳಿವೆಯ ಮೀನು ಹೊಸದಾಗಿರಲಿಲ್ಲ. 1962ರಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿತು. ಠಾಣೆ ಖಾಡಿಯ ಆಚೆ ದಡದಲ್ಲೂ ಡೊಂಬಿವಲಿಯಲ್ಲೂ ಕಾರ್ಖಾನೆಗಳು ಎದ್ದವು. 1970ರಲ್ಲಿ ನಗರ ಕಟ್ಟುವ ನಿಗಮ ಸಿಡ್ಕೊ ಬಂತು, ನವಿ ಮುಂಬಯಿ ಬೆಳೆಯಿತು. ಭಿವಂಡಿಯ ಪವರ್‌ಲೂಮ್‌ಗಳ ಬೆನ್ನಿಗೆ ಬಂದ ಬಣ್ಣದ ಘಟಕಗಳ ನೀರು ಕಾಮವಾರಿ ನದಿಗೆ ಇಳಿಯಿತು. ರೇತಿಬಂದರುಗಳಲ್ಲಿ ಪಂಪು ಹಚ್ಚಿ ಮರಳೆತ್ತಿದ್ದರಿಂದ ನದಿಯ ತಳವೇ ಅಲುಗಿತು. ಆಮೇಲೆ ಕಾಲ್ಹೇರ್, ಪೂರ್ಣಾದ ಕಡೆ ಗೋದಾಮುಗಳ ಸಾಲು ಬಂತು. ಈಗ ಕೊಳಕು ಕೆಸರಿನಲ್ಲೂ ಕಣ್ಣಿಗೆ ಬೀಳುವ ನಿವಟಿ ಮೀನನ್ನು ಗಮನಿಸಿ: ಇಳಿತದ ಹೊತ್ತಿಗೆ ಅದು ಕೆಸರಿನ ಮೇಲೆ ಕುಪ್ಪಳಿಸುತ್ತ ಒದ್ದೆ ಚರ್ಮದಿಂದಲೂ ಬಾಯಿಯ ಒಳಪದರದಿಂದಲೂ ಗಾಳಿಯನ್ನೇ ಹೀರಿಕೊಳ್ಳುತ್ತದೆ. ನೀರನ್ನೇ ನಂಬಿದ ಮೀನಿಗೆ ಆ ಅನುಕೂಲವಿಲ್ಲ. ಠಾಣೆ ಖಾಡಿಗೆ ಫ್ಲೆಮಿಂಗೊಗಳು ಬರುತ್ತಿವೆಯಲ್ಲ, 2022ರಲ್ಲಿ ಅದು ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತಲ್ಲ ಎಂದು ಕೇಳುವವರಿದ್ದಾರೆ. ಆ ಮನ್ನಣೆ ಬೇಕಾದದ್ದೇ. ಆದರೆ ಫ್ಲೆಮಿಂಗೊ ತಿನ್ನುವ ಪಾಚಿ ಚರಂಡಿ ನೀರಿನ ಸಾರ ಉಂಡೂ ಕೊಬ್ಬುತ್ತದೆ. ಹಕ್ಕಿ ಬಂದ ಮಾತ್ರಕ್ಕೆ ಮೀನಿಗೆ ನೀರು ಹಿತವಾಗಿದೆ ಎನ್ನಲಾಗದು.

ಗಿರ್ಗಾಂವ್, ಹಾಜಿ ಅಲಿ, ಬಾಂದ್ರಾದ ಬಂಡೆಗಳಲ್ಲಿ ಇನ್ನೂ ಜೀವವಿದೆ. ಮರೈನ್ ಲೈಫ್ ಆಫ್ ಮುಂಬೈ ಎಂಬ ನಾಗರಿಕರ ಬಳಗ 2017ರಿಂದ ಇಳಿತದ ಹೊತ್ತಿನಲ್ಲಿ ಅಲ್ಲೆಲ್ಲ ನಡೆದಾಡಿ ಹವಳ, ಕಡಲ ಹೂ, ಆಕ್ಟೋಪಸ್‌ಗಳನ್ನು ದಾಖಲಿಸುತ್ತ ಬಂದಿದೆ. ಇದೇ ತೀರದ ಒಂದು ಭಾಗ ಕೋಸ್ಟಲ್ ರೋಡಿನ ಮಣ್ಣಿನಡಿ ಸೇರಿದೆ. ಇಷ್ಟು ಕಿರಿದಾದ ಜಾಗದಲ್ಲಿ ಬಿಲ ಕೆದಕುವುದು ಯಾಕೆ ಕೆಟ್ಟದ್ದು ಎಂದರೆ, ಬಿಲದಲ್ಲಿರುವುದು ಮೊಟ್ಟೆ ಕಾಯುವ ಹೆಣ್ಣಾಗಿರಬಹುದು. ಅದು ಊಟ ಬಿಟ್ಟು ಮೊಟ್ಟೆಗಳಿಗೆ ನೀರು ಊದುತ್ತ, ಕೊಳೆ ಒರೆಸುತ್ತ ಕೂತಿರುತ್ತದೆ; ಮರಿ ಹೊರಬಿದ್ದ ಮೇಲೆ ಸಾಯುತ್ತದೆ. ಅದನ್ನು ಎಳೆದು ತೆಗೆದರೆ ಸಾವಿರಾರು ಮೊಟ್ಟೆ ಕೆಟ್ಟಂತೆ. ಟ್ರಾಲರುಗಳು ಟನ್ನುಗಟ್ಟಲೆ ಎತ್ತುವಾಗ ನಮ್ಮ ಒಂದು ಆಕ್ಟೋಪಸ್ ಯಾವ ಲೆಕ್ಕ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಇಡೀ ಕಡಲಿನ ಲೆಕ್ಕದಲ್ಲಿ ಅದು ನಿಜ. ಬಾಂದ್ರಾದ ಒಂದು ಬಂಡೆಗುಂಡಿಯ ಲೆಕ್ಕದಲ್ಲಿ ನಿಜವಲ್ಲ, ಅಲ್ಲಿಗೆ ಟ್ರಾಲರು ಬರುವುದೇ ಇಲ್ಲ, ಬರುವವರು ನಾವು. ಲಕ್ಷದ್ವೀಪದಲ್ಲಿ ಅಪ್ಪಲ್ ಎಂದು ಕರೆಯುವ ಆಕ್ಟೋಪಸನ್ನು ಜನ ಸರಳಿನಿಂದಲೇ ಹಿಡಿಯುತ್ತಾರೆ ಎನ್ನಬಹುದು. ಅದು ಅವರ ಊಟ, ಅವರ ಹವಳದ ದಿಬ್ಬ, ತಲೆಮಾರುಗಳ ತಿಳಿವಳಿಕೆ. ಶನಿವಾರ ರೈಲು ಹತ್ತಿ ಬರುವವನಿಗೆ ಆ ನೆವ ಸಲ್ಲದು.

ಗಾಳಕ್ಕೆ ಏಡಿ ಕಟ್ಟಿದರೆ ಆಕ್ಟೋಪಸ್ ತಾನಾಗಿ ಬಂದು ಅಪ್ಪುತ್ತದೆ. ಬಂಡೆಗೆ ಅಂಟಿಕೊಂಡಾಗ ಹಟದಿಂದ ಎಳೆಯಬಾರದು. ದಾರ ಸಡಿಲಿಸಿ ಕಾದರೆ ಹಿಡಿತ ಬಿಡುತ್ತದೆ. ಬರಿಗೈ ಬೇಡ: ತೋಳುಗಳ ನಡುವಿನ ಗಿಣಿಕೊಕ್ಕಿನಂಥ ಬಾಯಿ ಕಚ್ಚುತ್ತದೆ, ಜೊಲ್ಲಿನಲ್ಲಿ ವಿಷವಿರುತ್ತದೆ. ಮೈಮೇಲೆ ಹೊಳೆವ ನೀಲಿ ಉಂಗುರಗಳಿರುವ ಪುಟ್ಟ ಜಾತಿಯನ್ನಂತೂ ಮುಟ್ಟಲೇಬಾರದು. ಅದರ ವಿಷ ಮನುಷ್ಯನನ್ನು ಕೊಲ್ಲಬಲ್ಲದು. ಹಿಡಿದದ್ದನ್ನು ಬಕೆಟ್ಟಿನಲ್ಲಿ ನರಳಲು ಬಿಡದೆ ಕಣ್ಣುಗಳ ನಡುವೆ ಚೂರಿಯಿಂದ ಇರಿದು ಕೂಡಲೇ ಕೊಲ್ಲಬೇಕು. ಆಕ್ಟೋಪಸ್‌ಗೆ ನೋವಿನ ಅರಿವಿದೆಯೆಂದು ಬ್ರಿಟನ್ 2022ರಲ್ಲಿ ಕಾನೂನಿನಲ್ಲೇ ಒಪ್ಪಿಕೊಂಡಿತು. ಕಾನೂನು ಇಲ್ಲದಿದ್ದರೂ ಇಷ್ಟು ಮಾಡುವುದು ಹಿಡಿದವನ ಕರ್ತವ್ಯ.

ಮನೆಗೆ ತಂದಮೇಲೆ ಅದರ ತಲೆಚೀಲವನ್ನು ದಿಂಬಿನ ಕವರಿನ ಹಾಗೆ ಒಳಹೊರಗು ಮಾಡಿ ಕರುಳು, ಮಸಿಚೀಲ ತೆಗೆಯಬೇಕು. ಕಣ್ಣು, ಕೊಕ್ಕು ಕತ್ತರಿಸಿ, ಕಲ್ಲುಪ್ಪು ಹಾಕಿ ಲೋಳೆ ಹೋಗುವ ತನಕ ತಿಕ್ಕಿ ತೊಳೆಯಬೇಕು. ಕರಾವಳಿಯ ಅಡುಗೆಯವರು ಇದನ್ನು ಬೊಂಡಾಸ್ (ಸ್ಕ್ವಿಡ್) ಎಂದುಕೊಂಡು ಎರಡು ನಿಮಿಷಕ್ಕೆ ಇಳಿಸಿದರೆ ರಬ್ಬರು ಜಗಿಯಬೇಕಾಗುತ್ತದೆ. ಆಕ್ಟೋಪಸ್ ಮಾಂಸದಲ್ಲಿ ಕೊಲಾಜೆನ್ ಬಿಗಿಯಾಗಿದೆ. ಸಣ್ಣ ಉರಿಯಲ್ಲಿ, ತಾನೇ ಬಿಟ್ಟ ನೀರಿನಲ್ಲಿ, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬೆಂದರೆ ಅದು ಕರಗುತ್ತದೆ. ಬೇಯುವಾಗ ತೂಕ ತೀರಾ ಇಳಿಯುತ್ತದೆ. ಆಮೇಲೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಹುಣಸೆಯ ಮಸಾಲೆಗೆ ತೆಂಗಿನ ತುರಿ ಸೇರಿಸಿ ಸುಕ್ಕ ಮಾಡಿದರೆ ರುಚಿಗೆ ಎಣೆಯಿಲ್ಲ. ತಾಜಾ ಹಿಡಿದದ್ದರ ರುಚಿಯೇ ಬೇರೆ, ಅದಕ್ಕಾಗಿ ಬಿಲಕ್ಕೆ ಕೈ ಹಾಕುತ್ತೇವೆ ಎನ್ನುವವರಿದ್ದಾರೆ. ಮೀನಿಗೆ ಈ ಮಾತು ಒಪ್ಪುತ್ತದೆ. ಆಕ್ಟೋಪಸ್ ಮಾತ್ರ ಫ್ರೀಜರಿನಲ್ಲಿಟ್ಟರೆ ಇನ್ನೂ ಮೆತ್ತಗಾಗುತ್ತದೆ. ಒಳಗಿನ ನೀರು ಹೆಪ್ಪುಗಟ್ಟಿ ನಾರುಗಳನ್ನು ಬಿಡಿಸುತ್ತದೆ. ಗಾಳಕ್ಕೆ ಏನೂ ಬೀಳದ ದಿನ ಮಾರುಕಟ್ಟೆಯಿಂದ ಹೆಪ್ಪುಗಟ್ಟಿಸಿದ್ದನ್ನು ತಂದರೂ ಸುಕ್ಕಕ್ಕೆ ಏನೂ ಕೊರತೆಯಾಗದು.