ತುದಿ ಎಲ್ಲಿದೆ?

ಸೂಜಿ ಚುಚ್ಚುವುದಕ್ಕಿಂತ ಆಮೇಲಿನ ಪತ್ತೇದಾರಿಕೆಯೇ ನನಗೆ ಇಷ್ಟ. ಸೆಂಟ್ರಲ್ ಲೈನ್ ಹಾಕುವುದನ್ನು ಐಸಿಯುನಲ್ಲಿ ಎಲ್ಲರೂ ಕಲಿಯುತ್ತಾರೆ. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ತೋರಿಸಿಕೊಟ್ಟ ಕ್ರಮವೇ ಇಂದಿಗೂ: ಸೂಜಿ, ಅದರೊಳಗೆ ತಂತಿ, ತಂತಿಯ ಮೇಲೆ ಕೊಳವೆ. ಬಲಗುತ್ತಿಗೆಯಿಂದ ಸುಮಾರು 15 ಸೆಂಟಿಮೀಟರ್ ಒಳಹೋದ ಮೇಲೆ ಹೊರಗೆ ಉಳಿಯುವುದು ಹೊಲಿಗೆ ಮತ್ತು ಅನುಮಾನ.

ರಕ್ತದ ಬಣ್ಣವನ್ನು ನಾನು ನಂಬುವುದಿಲ್ಲ. ಬಿ.ಪಿ. ಕುಸಿದು ಆಮ್ಲಜನಕ ಇಳಿದವರಲ್ಲಿ ಅಪಧಮನಿಯ ರಕ್ತವೂ ಕಪ್ಪಾಗಿ, ಸೋತು ತೊಟ್ಟಿಕ್ಕುತ್ತದೆ. ಹಾಗಾಗಿ ಡೈಲೇಟರ್ ತೂರಿಸುವ ಮುನ್ನವೇ ಅಲ್ಟ್ರಾಸೌಂಡಿನಲ್ಲಿ ತಂತಿಯ ಬೆನ್ನು ಹತ್ತಬೇಕು. ಒತ್ತಿದರೆ ಅಪ್ಪಚ್ಚಿಯಾಗುವ ಸಿರೆಯೊಳಗೆ ಒಂದು ಹೊಳೆಯುವ ಚುಕ್ಕೆ. ಪ್ರೋಬ್ ತಿರುಗಿಸಿದರೆ ಅದೇ ಗೆರೆ.

ನಿಜವಾದ ಸೊಗಸು ಇಸಿಜಿಯದು. ತಂತಿಯ ತುದಿಯನ್ನು ಕೊಳವೆಯ ತುದಿಗೆ ಸಮ ಮಾಡಿ, ಬಲಗೈಯ ಲೀಡನ್ನು ಮೊಸಳೆ ಕ್ಲಿಪ್ಪಿನಿಂದ ತಂತಿಗೆ ಕಚ್ಚಿಸಿ, ಎರಡನೇ ಲೀಡ್ ನೋಡುತ್ತ ಮೆಲ್ಲಗೆ ಒಳತಳ್ಳುತ್ತೇನೆ. ಇಷ್ಟು ಹೊತ್ತು ಯಾರ ಗಮನಕ್ಕೂ ಬಾರದೆ ಮೂಲೆಯಲ್ಲಿದ್ದ ಪುಟ್ಟ ಪಿ ಅಲೆ ತಲೆಯೆತ್ತುತ್ತದೆ; ಮೇಲ್ಮಹಾಸಿರೆ ಬಲ ಹೃತ್ಕರ್ಣಕ್ಕೆ ಸೇರುವಲ್ಲಿ ಪೂರ್ತಿ ಎತ್ತರಕ್ಕೆ ನಿಲ್ಲುತ್ತದೆ. ಇನ್ನೂ ತಳ್ಳಿದರೆ ಮೊದಲು ಕೆಳಗೆ ಕುಕ್ಕಿ ಆಮೇಲೆ ಮೇಲೇಳುತ್ತದೆ. ಅತಿಯಾಯಿತು, ಹಿಂದೆ ಬಾ ಎಂದರ್ಥ. ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಲ್ಲಿ ಪಿ ಅಲೆಯೇ ಇಲ್ಲ, ಈ ಆಟವೂ ಇಲ್ಲ. ಆಗ ಕಲಕಿದ ಸಲೈನ್ ನೂಕಿ ಎಕೋ ನೋಡುವುದು. ಗೋಲಿ ಸೋಡಾ ಒಡೆದ ಹಾಗೆ 2 ಸೆಕೆಂಡಿನೊಳಗೆ ಹೃತ್ಕರ್ಣ ನೊರೆಯೇಳಬೇಕು. ತಡವಾದರೆ ತುದಿ ಬೇರೆಲ್ಲೋ ಅಲೆಯುತ್ತಿದೆ.

ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ 1929ರಲ್ಲಿ ಫೋರ್ಸ್‌ಮನ್ ತನ್ನದೇ ತೋಳಿನ ಸಿರೆಗೆ 65 ಸೆಂಟಿಮೀಟರ್ ಕೊಳವೆ ತೂರಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮೆಚ್ಚುಗೆ ಅವನ ಮುಂದಿನ ಹೆಜ್ಜೆಗಳ ಮೇಲೆ: ಕೊಳವೆ ಸಮೇತ ಎಕ್ಸ್-ರೇ ಕೋಣೆಗೆ ನಡೆದು, ಪರದೆಯೆದುರು ಕನ್ನಡಿ ಹಿಡಿಸಿ ತುದಿಯನ್ನು ಕಣ್ಣಾರೆ ನೋಡಿಕೊಂಡ. 1956ರ ನೊಬೆಲ್‌ನ ಪಾಲು ಆ ನಡಿಗೆಗೇ ಸಂದಿರಬೇಕು ಎಂಬುದು ನನ್ನ ವಾದ.

ಎಕ್ಸ್-ರೇಯನ್ನು ನಾನೂ ಬಿಡುವುದಿಲ್ಲ. ಶ್ವಾಸನಾಳ ಕವಲೊಡೆಯುವ ಕರೈನಾ ಅದರಲ್ಲಿ ಮೈಲಿಗಲ್ಲು. ಶ್ವಾಸಕೋಶದ ಸುತ್ತ ಗಾಳಿ ನುಗ್ಗಿದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ಅಪರೂಪಕ್ಕೊಮ್ಮೆ ಎಡದಿಂದ ಹಾಕಿದ ಲೈನು ಬಲಕ್ಕೆ ದಾಟದೆ ಎದೆಯ ಎಡಬದಿಯಲ್ಲೇ ನೆಟ್ಟಗೆ ಇಳಿದಿರುತ್ತದೆ. ಮಹಾಪಧಮನಿಗೆ ಹೋಯಿತೇ ಎಂದು ಎದೆ ಧಸಕ್ಕೆನ್ನುತ್ತದೆ. ಆದರೆ ಒತ್ತಡದ ಅಲೆ ಸಿರೆಯದು, ಬ್ಲಡ್ ಗ್ಯಾಸ್ ವರದಿಯೂ ಸಿರೆಯದೇ. ಎಕೋದಲ್ಲಿ ಗುಳ್ಳೆಗಳು ಮೊದಲು ಕೊರೊನರಿ ಸೈನಸ್‌ನಲ್ಲಿ ತೋರಿ, ಅಲ್ಲಿಂದ ಹೃತ್ಕರ್ಣಕ್ಕೆ ಬರುತ್ತವೆ. ಹುಟ್ಟುವ ಮೊದಲೇ ಮಾಯವಾಗಬೇಕಿದ್ದ ಎಡ ಮಹಾಸಿರೆ ಹಾಗೇ ಉಳಿದಿದೆ. 1000ಕ್ಕೆ 3ರಿಂದ 5 ಜನರಲ್ಲಿ ಹೀಗಿರುತ್ತದೆ. ಅಂಥ ಫಿಲ್ಮು ಸಿಕ್ಕರೆ ಪಿಜಿಗಳನ್ನೆಲ್ಲ ಕರೆದು ತೋರಿಸದೆ ನನಗೆ ಮನೆಗೆ ಹೋಗಲಾಗದು. ಕೇಸ್ ಶೀಟಿನಲ್ಲಿ ಕೆಂಪು ಶಾಯಿಯಲ್ಲೂ ಬರೆದಿಡುತ್ತೇನೆ. ಮುಂದೆಂದಾದರೂ ಪೇಸ್‌ಮೇಕರ್ ಹಾಕುವವರಿಗೆ ಬೇಕಾದೀತು.