ಹನಿ ಬಿದ್ದಾಗ ಏಳುವ ಬೆಳಕು

ಬರ್ಬರಿನ್ ನನಗೆ ಬಲು ಪ್ರೀತಿಯ ಅಣು. ಪಶ್ಚಿಮಘಟ್ಟದ ಮರದರಿಶಿನ ಬಳ್ಳಿಗೆ ಹಳದಿ ಕೊಡುವುದು ಅದೇ. ನೀರಿನಲ್ಲಿ ಕರಗಿಸಿ ಪ್ರತಿದೀಪ್ತಿ ಅಳೆಯುವ ಯಂತ್ರದಲ್ಲಿಟ್ಟರೆ ಪರದೆಯ ಗೆರೆ ತಳ ಬಿಟ್ಟು ಏಳುವುದೇ ಇಲ್ಲ. ಡಿಎನ್‌ಎ ದ್ರಾವಣದ ಒಂದು ಹನಿ ಬಿಡುತ್ತೇನೆ, ಮೆಲ್ಲಗೆ ಕಲಕುತ್ತೇನೆ, ಕಾಯುತ್ತೇನೆ. ಗೆರೆ ಏಳುತ್ತದೆ! ಇನ್ನೊಂದು ಹನಿಗೆ ಇನ್ನಷ್ಟು. ಕೊನೆಕೊನೆಗೆ ಹನಿ ಬಿದ್ದರೂ ಏರಿಕೆ ಸಣ್ಣದಾಗುತ್ತದೆ. ಅಂಟಬೇಕಾದ ಅಣುಗಳೆಲ್ಲ ಅಂಟಿಯಾದವು. ಆ ಬಾಗಿನಲ್ಲೇ ನಂಟಿನ ಬಲ ಎಷ್ಟೆಂಬ ಲೆಕ್ಕವಿದೆ.

ಈ ರುಚಿ ಹತ್ತಿದ್ದು ಹುನಗುಂದದಿಂದ ಧಾರವಾಡಕ್ಕೆ ಓದಲು ಹೋದಾಗ. ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಜೆ. ಸೀತಾರಾಮಪ್ಪನವರೂ ಅವರ ವಿದ್ಯಾರ್ಥಿಗಳೂ ಔಷಧದ ಅಣುಗಳು ಪ್ರೋಟೀನು, ಡಿಎನ್‌ಎಗಳಿಗೆ ಅಂಟುವ ಬಗೆಯನ್ನು ಬೆಳಕಿನಿಂದ ಅಳೆದವರು.

ರಜೆಗೆ ಊರಿಗೆ ಬಂದಾಗ, ನೋಟು ಪರೀಕ್ಷಿಸುವ ನೇರಳಾತೀತ ದೀಪದ ಕೆಳಗೆ ಅರಿಶಿನ ಹಿಡಿದು ಅಣ್ಣನ ಮಗಳಿಗೆ ತೋರಿಸಿದೆ. ಎಣ್ಣೆಯಲ್ಲಿ ಹಸಿರುಹಳದಿಯಾಗಿ ಹೊಳೆಯಿತು.

“ನೀರಾಗ ಯಾಕ ಹೊಳೀವಲ್ದು ಕಾಕಾ?”

ಎಂಥ ಒಳ್ಳೆಯ ಪ್ರಶ್ನೆ! ಬೆಳಕು ಕುಡಿದ ಅಣುವಿನ ಶಕ್ತಿಯನ್ನು ನೀರು ಕಸಿದುಕೊಳ್ಳುತ್ತದೆ. ಹೊಳಪಾಗಿ ಹೊರಬರಲು ಉಳಿಯುವುದು ಅಲ್ಪ. ನೀರು ಸುಲಭವಾಗಿ ತಲುಪದ ಜಾಗ ಸಿಕ್ಕರೆ ಅಣು ಬೆಳಗುತ್ತದೆ. ಅರಿಶಿನಕ್ಕೆ ಎಣ್ಣೆ, ಬರ್ಬರಿನ್‌ಗೆ ಡಿಎನ್‌ಎ.

ಡಿಎನ್‌ಎಯಲ್ಲಿ ಕ್ಷಾರಜೋಡಿಗಳು 0.34 ನ್ಯಾನೊಮೀಟರ್ ಅಂತರದಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಇಳಕಲ್ಲಿನ ಮಗ್ಗದಲ್ಲಿ ಹಾಸಿನ ಎಳೆಗಳು ಬಾಯಿ ತೆರೆದಾಗ ಲಾಳಿ ನುಗ್ಗುವಂತೆ, ಚಪ್ಪಟೆ ಅಣುವೊಂದು ಆ ಜೋಡಿಗಳ ನಡುವೆ ನುಗ್ಗಬಲ್ಲದೆಂದು 1961ರಲ್ಲಿ ಲಿಯೊನಾರ್ಡ್ ಲೆರ್ಮನ್ ತೋರಿಸಿದರು. ಹಾಗೆ ನುಗ್ಗಿದಾಗ ಡಿಎನ್‌ಎ ಉದ್ದವಾಗುತ್ತದೆ, ಅದರ ಸುರುಳಿ ಸಡಿಲವಾಗುತ್ತದೆ. 1967ರಲ್ಲಿ ಲೆಪೆಕ್ ಮತ್ತು ಪಾವೊಲೆಟ್ಟಿ, ಹಾಗೆ ನುಗ್ಗಿ ಹೊಳೆಯುವ ಎಥಿಡಿಯಮ್ ಬ್ರೋಮೈಡಿನ ಕಿತ್ತಳೆ ಹೊಳಪನ್ನು ಅಳತೆಗೋಲಾಗಿಸಿದರು. ಈಗಲೂ ಸ್ವತಃ ಹೊಳೆಯದ ಅಣುವನ್ನು ನಾವು ಅದರ ಮೂಲಕವೇ ಹಿಡಿಯುತ್ತೇವೆ: ಎಥಿಡಿಯಮನ್ನು ಅದು ಹೊರದಬ್ಬಿದಷ್ಟೂ ಕಿತ್ತಳೆ ಮಂಕಾಗುತ್ತದೆ.

ಆದರೆ ಮಂಕಾದ ಕೂಡಲೇ ‘ಅಂಟಿತು’ ಎಂದು ಬರೆದುಬಿಡುವ ಆತುರ ನನಗೆ ಸೇರದು. ಸೇರಿಸಿದ ವಸ್ತುವೇ ಬೆಳಕನ್ನು ನುಂಗಿರಬಹುದು. ಆ ಪಾಲನ್ನು ಲೆಕ್ಕದಿಂದ ತೆಗೆಯಲೇಬೇಕು. ಕ್ವಾರ್ಟ್ಜ್ ಪಾತ್ರೆಯ ನಾಲ್ಕೂ ಮೈ ಒರೆಸುವುದು, ಪಿಪೆಟ್ಟಿನ ತುದಿಯಲ್ಲಿ ಗುಳ್ಳೆ ಇಲ್ಲವೆಂದು ನೋಡುವುದು, ಝೆನಾನ್ ದೀಪ ಕಾದು ನಿಲ್ಲುವವರೆಗೆ ಸುಮ್ಮನಿರುವುದು, ಇವೆಲ್ಲ ನನಗೆ ಕೆಲಸದಷ್ಟೇ ಸುಖ.

ಅಣು ಎಲ್ಲಿ ಕೂತಿದೆಯೆಂದು ಕೇಳಲು ಪೊಟ್ಯಾಸಿಯಮ್ ಅಯೊಡೈಡ್ ಹಾಕುತ್ತೇನೆ. ಹೊರಗೆ ಅಲೆಯುವ ಅಣುವಿನ ಹೊಳಪನ್ನು ಅಯೊಡೈಡ್ ಆರಿಸುತ್ತದೆ. ಒಳಗೆ ನುಗ್ಗಿದ್ದರೆ ಅದರ ಆಟ ಅಷ್ಟಾಗಿ ನಡೆಯದು, ಡಿಎನ್‌ಎಯ ಋಣವಿದ್ಯುತ್ತಿನ ಫಾಸ್ಫೇಟುಗಳು ಅದನ್ನು ದೂರ ತಳ್ಳುತ್ತವೆ. ಆಮೇಲೆ ದ್ರಾವಣದ ಸ್ನಿಗ್ಧತೆ ಅಳೆದು, ಡಿಎನ್‌ಎ ನಿಜಕ್ಕೂ ಉದ್ದವಾಗಿದೆಯೇ ಎಂದು ಬೆಳಕಿನ ಮಾತನ್ನು ಒರೆಗೆ ಹಚ್ಚುತ್ತೇನೆ.