ಅಲ್ಲೇ ಒಸಿ ನಿಲ್ಸಪ್ಪ

ಭಾರತೀನಗರದ ಸುತ್ತ ತೊಂಬತ್ತರ ದಶಕದಲ್ಲಿ ಮದುವೆ ಮಾಡಿದ ಮನೆಗಳ ಬೀರು ತೆಗೆದರೆ, ರೇಷ್ಮೆ ಸೀರೆ, ಪಹಣಿ ಕಾಗದಗಳ ಪಕ್ಕದಲ್ಲಿ ಒಂದೆರಡು ವಿಡಿಯೋ ಕ್ಯಾಸೆಟ್ ಕಾಣುತ್ತವೆ. ಬೆನ್ನಿನ ಚೀಟಿಯಲ್ಲಿ ಗಂಡು ಹೆಣ್ಣಿನ ಹೆಸರು, ಛತ್ರದ ಹೆಸರು, ತಾರೀಖು. ಅದನ್ನು ಹಾಕಿ ನೋಡುವ ಡೆಕ್ಕು ಮಾತ್ರ ಹೆಚ್ಚಿನ ಮನೆಗಳಲ್ಲಿ ಉಳಿದಿಲ್ಲ. ನಮ್ಮ ಮನೆಯಲ್ಲಿ ಉಳಿದಿದೆ, ಇವತ್ತಿಗೂ ಓಡುತ್ತದೆ. ಹಾಗಾಗಿ ನೆಂಟರಿಷ್ಟರು ಬರುವಾಗ ಬಾಳೆಹಣ್ಣಿನ ಜೊತೆ ಒಂದು ಕ್ಯಾಸೆಟ್ಟನ್ನೂ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಕಾಫಿ ಕುಡಿದಾದ ಮೇಲೆ ಅದು ಚೀಲದಿಂದ ಹೊರಗೆ ಬರುತ್ತದೆ.

ಡೆಕ್ಕು ನಮ್ಮ ಕಡೆಗೆ ಬಂದದ್ದು ಸಿನಿಮಾಕ್ಕಾಗಿ. 1982ರ ಏಷ್ಯನ್ ಕ್ರೀಡಾಕೂಟದ ವರ್ಷ ದೇಶಕ್ಕೆ ಬಣ್ಣದ ಟಿವಿ ಬಂತು. ಅದರ ಹಿಂದೆಯೇ ವಿಸಿಆರ್, ವಿಸಿಪಿಗಳು ಪೇಟೆಗಳಿಗೆ ಬಂದವು, ಪೇಟೆಯಿಂದ ಹಳ್ಳಿಗೆ ಬಾಡಿಗೆಗೆ ಹೊರಟವು. ಗಣೇಶನ ಹಬ್ಬ, ಊರಹಬ್ಬ ಬಂತೆಂದರೆ ಹುಡುಗರು ಚಂದಾ ಎತ್ತಿ ಟಿವಿ, ಡೆಕ್ಕು, ಮೂರು ನಾಲ್ಕು ಕ್ಯಾಸೆಟ್ ತಂದು ರಾಮಮಂದಿರದ ಮುಂದೆ ಕಟ್ಟುತ್ತಿದ್ದರು. ಕ್ಯಾಸೆಟ್ಟುಗಳಲ್ಲಿ ಒಂದಾದರೂ ಅಂಬರೀಶ್ ಅವರದ್ದು ಇರಲೇಬೇಕು. ಅವರ ಹುಟ್ಟೂರು ದೊಡ್ಡರಸಿನಕೆರೆ ನಮ್ಮ ಪಕ್ಕದ್ದು. 1981ರ ‘ಅಂತ’ ಹಾಕಿದ ರಾತ್ರಿ ಚಾಪೆ ಹಾಸಿದವರಿಗಿಂತ ನಿಂತು ನೋಡಿದವರೇ ಹೆಚ್ಚು. ಅರ್ಧಕ್ಕೆ ಕರೆಂಟು ಹೋದರೆ ಕ್ಯಾಸೆಟ್ಟು ಡೆಕ್ಕಿನ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಕರೆಂಟಿಲ್ಲದೆ ಅದು ಹೊರಗೆ ಬಾರದು. ಕರೆಂಟು ಬರುವವರೆಗೆ ಯಾರೂ ಮನೆಗೆ ಏಳುತ್ತಿರಲಿಲ್ಲ.

ಆ ಸಿನಿಮಾ ಕ್ಯಾಸೆಟ್ಟುಗಳು ಹೋದದ್ದಕ್ಕೆ ನನಗೆ ಚಿಂತೆಯಿಲ್ಲ. ‘ಅಂತ’ವನ್ನು ಇವತ್ತು ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು ಫೋನಿನಲ್ಲೇ ನೋಡಬಹುದು. ಆದರೆ ನಮ್ಮ ಚಿಕ್ಕಮ್ಮನ ಮದುವೆಯ ಕ್ಯಾಸೆಟ್ಟು ಜಗತ್ತಿನಲ್ಲಿ ಇರುವುದು ಒಂದೇ. ಹೆಗಲ ಮೇಲೆ ಕ್ಯಾಮೆರಾ ಹೊತ್ತವನು, ಅವನ ಹಿಂದೆ ಕಣ್ಣು ಕುಕ್ಕುವ ದೀಪ ಹಿಡಿದ ಹುಡುಗ, ಇಬ್ಬರೂ ಚಪ್ಪರದ ತುಂಬ ಓಡಾಡಿ ಹಿಡಿದದ್ದು. ಅಲ್ಲಿ ಧಾರೆಯಿದೆ, ಬೀಗರ ಔತಣವಿದೆ, ಹೃದಯದ ಆಕಾರದೊಳಗೆ ಹೆಣ್ಣಿನ ಮುಖ ಕೂರಿಸಿದ ಮಿಕ್ಸಿಂಗ್ ಇದೆ. ಇವುಗಳ ನಡುವೆ ಒಂದೇ ಒಂದು ಗಳಿಗೆ, ಕಂಬಕ್ಕೆ ಒರಗಿ ಸೋಬಾನೆ ಹಾಡುವ ನಮ್ಮಜ್ಜಿ ಇದ್ದಾಳೆ. ಅಜ್ಜಿ ನಡೆದಾಡುವ, ಬಾಯಿ ತೆರೆಯುವ ಚಿತ್ರ ನಮ್ಮಲ್ಲಿ ಬೇರೆ ಇಲ್ಲ.

ದೊಡ್ಡವ್ವ ಬಂದಾಗಲೆಲ್ಲ ಆ ಜಾಗಕ್ಕೆ ಬಂದ ಕೂಡಲೇ ಅನ್ನುತ್ತಾಳೆ: “ಅಲ್ಲೇ ಒಸಿ ನಿಲ್ಸಪ್ಪ, ಅವ್ವನ ಮೊಕ ನೋಡ್ಬೇಕು.”

ನಿಲ್ಲಿಸುವುದು ಸುಲಭ, ಒಂದು ಗುಂಡಿ ಒತ್ತಿದರೆ ಆಯಿತು. ಆದರೆ ಆಗ ಒಳಗೆ ಏನಾಗುತ್ತದೆಂದು ತಿಳಿದ ಮೇಲೆ ಆ ಗುಂಡಿ ಒತ್ತಲು ನನ್ನ ಕೈ ಹಿಂಜರಿಯುತ್ತದೆ. ಕ್ಯಾಸೆಟ್ಟು ಒಳಗೆ ಹೋದೊಡನೆ ಡೆಕ್ಕು ಅರ್ಧ ಇಂಚು ಅಗಲದ ರೀಲನ್ನು ಹೊರಗೆಳೆದು, ಓರೆಯಾಗಿ ಕೂತ ಲೋಹದ ಉರುಳೆಗೆ ಸುತ್ತುತ್ತದೆ. ರೀಲು ಸೆಕೆಂಡಿಗೆ ಎರಡೂ ಕಾಲು ಸೆಂಟಿಮೀಟರಿಗಿಂತ ತುಸು ಹೆಚ್ಚು ಸರಿಯುತ್ತದೆ, ಅಷ್ಟೇ. ಉರುಳೆ ಮಾತ್ರ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ, ಸುತ್ತಿಗೊಂದು ಚಿತ್ರ. ಅದರ ಅಂಚಿನಲ್ಲಿರುವ ಸಣ್ಣ ಹೆಡ್ಡುಗಳು ರೀಲನ್ನು ಉಜ್ಜಿ ಚಿತ್ರ ಓದುತ್ತವೆ. ನಾವು ನಿಲ್ಲಿಸಿದಾಗ ರೀಲು ನಿಲ್ಲುತ್ತದೆ, ಉರುಳೆ ನಿಲ್ಲುವುದಿಲ್ಲ. ಅದೇ ಜಾಗವನ್ನು, ಅಂದರೆ ಅಜ್ಜಿಯ ಮುಖವಿರುವ ಆ ಒಂದು ಗೆರೆಯನ್ನು, ಹೆಡ್ಡು ಮತ್ತೆ ಮತ್ತೆ ಉಜ್ಜುತ್ತಲೇ ಇರುತ್ತದೆ. ಕೆಲವು ನಿಮಿಷ ಕಳೆದರೆ ಡೆಕ್ಕು ತಾನಾಗಿಯೇ ಬಂದ್ ಆಗುವುದು ಇದೇ ಕಾರಣಕ್ಕೆ. ದೊಡ್ಡವ್ವ ಅವ್ವನ ಮುಖ ನೋಡಿದಷ್ಟೂ ಆ ಮುಖ ಸವೆಯುತ್ತದೆ. ಹೆಚ್ಚು ಪ್ರೀತಿಸಿದ ಜಾಗಕ್ಕೇ ಮೊದಲು ಬಿಳಿ ಗೀರು ಬೀಳುತ್ತದೆ. ಇದನ್ನು ಅವಳಿಗೆ ಹೇಳಲು ನನಗೆ ಬಾಯಿ ಬಂದಿಲ್ಲ.

ದನಿಯ ದಾರಿ ಬೇರೆ. ಅದು ರೀಲಿನ ಅಂಚಿನಲ್ಲಿ ಉದ್ದಕ್ಕೂ ದಾಖಲಾಗಿರುತ್ತದೆ, ಅದನ್ನು ಓದುವ ಹೆಡ್ಡು ತಿರುಗದೆ ಒಂದೆಡೆ ನಿಂತಿರುತ್ತದೆ. ಆದ್ದರಿಂದ ಉರುಳೆಯ ಹೆಡ್ಡಿಗೆ ಕೊಳೆ ಕಟ್ಟಿ ಪರದೆ ತುಂಬ ಬಿಳಿ ಚುಕ್ಕಿ ಬಂದಾಗಲೂ ಹಾಡು ಕೇಳುತ್ತಲೇ ಇರುತ್ತದೆ. ಒಂದು ಸಲ ಹಾಗೇ ಆಯಿತು. ಮುಖ ಕಾಣದಿದ್ದಾಗ ದೊಡ್ಡವ್ವ ಕಣ್ಣು ಮುಚ್ಚಿಕೊಂಡು ದನಿಗಳನ್ನು ಬಿಡಿಸತೊಡಗಿದಳು: ಇದು ಮೇಗಲ ಮನೆಯೋಳದು, ಇದು ಮಳವಳ್ಳಿ ಕಡೆಯಿಂದ ಬಂದಿದ್ದ ಸೋದರತ್ತೆಯದು, ಈ ಎಳೆದು ಹಾಡೋಳು ನಮ್ಮವ್ವ. ಚಿತ್ರ ಚೆನ್ನಾಗಿದ್ದ ದಿನಗಳಲ್ಲಿ ನಾವ್ಯಾರೂ ಆ ಹಾಡನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ.

ಡೆಕ್ಕನ್ನು ಉಳಿಸಿಕೊಳ್ಳುವುದೂ ದಿನದಿನಕ್ಕೆ ಕಷ್ಟ. ಒಳಗಿನ ರಬ್ಬರ್ ಬೆಲ್ಟು ಹಿಗ್ಗುತ್ತದೆ, ರೀಲನ್ನು ಒತ್ತಿ ಹಿಡಿಯುವ ರೋಲರು ಗಟ್ಟಿಯಾಗಿ ರೀಲನ್ನೇ ನುಂಗುತ್ತದೆ. ರಿಪೇರಿ ಬಲ್ಲ ಕೈಗಳು ಮೊಬೈಲ್ ಕಡೆ ಹೋದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಹಳೆಯ ಡೆಕ್ಕುಗಳಿಂದ ಬಿಚ್ಚಿದ ಭಾಗ ಸಿಕ್ಕೀತು, ಹೊಸದು ಸಿಗದು. ಜೆವಿಸಿ ಕಂಪನಿ 1976ರಲ್ಲಿ ಜಪಾನಿನಲ್ಲಿ ಹೊರತಂದ ಈ ವಿಎಚ್‌ಎಸ್ ಬಗೆಯ ಯಂತ್ರವನ್ನು ಕೊನೆಯವರೆಗೆ ಮಾಡುತ್ತಿದ್ದದ್ದು ಅದೇ ದೇಶದ ಫುನಾಯ್. ಭಾಗಗಳು ಸಿಗುತ್ತಿಲ್ಲವೆಂದು 2016ರ ಜುಲೈನಲ್ಲಿ ಅದೂ ನಿಲ್ಲಿಸಿತು. ಒಂದು ಕಾಲಕ್ಕೆ ವರ್ಷಕ್ಕೆ ಒಂದೂವರೆ ಕೋಟಿ ಮಾರುತ್ತಿದ್ದ ಕಂಪನಿ 2015ರಲ್ಲಿ ಮಾರಿದ್ದು ಏಳೂವರೆ ಲಕ್ಷ. 2019ರಲ್ಲಿ ಯುನೆಸ್ಕೊ ಕಡೆಯಿಂದಲೇ ಎಚ್ಚರಿಕೆ ಬಂತು: 2025ರ ಹೊತ್ತಿಗೆ ಇಂಥ ಟೇಪುಗಳನ್ನು ಓಡಿಸುವ ಯಂತ್ರಗಳು ಸಿಗುವುದು ದುಸ್ತರವಾಗಬಹುದು, ಅಷ್ಟರೊಳಗೆ ನಕಲು ಮಾಡಿಕೊಳ್ಳಿ ಎಂದು. ಅವರ ಮನಸ್ಸಿನಲ್ಲಿದ್ದದ್ದು ಜನಪದ, ಭಾಷೆಗಳ ಸಂಗ್ರಹಗಳು. ನಮ್ಮ ಬೀರುವಿನಲ್ಲಿರುವುದೂ ಅದೇ ಅಲ್ಲವೇ? ಸೋಬಾನೆಯಿದೆ, ಮದುವೆ ಶಾಸ್ತ್ರಗಳಿವೆ, ಮದ್ದೂರು ಸೀಮೆಯ ಮಾತಿದೆ, ಇಂದು ಇಲ್ಲದ ತೊಟ್ಟಿಮನೆಗಳಿವೆ.

ಈಗ ನಮ್ಮ ಡೆಕ್ಕಿಗೆ ಇರುವ ಕೆಲಸ ಒಂದೇ. ಪ್ರತಿ ಕ್ಯಾಸೆಟ್ಟನ್ನೂ ಒಂದು ಸಲ ಪೂರ್ತಿ ಓಡಿಸಿ ಕಂಪ್ಯೂಟರಿಗೆ ಇಳಿಸುವುದು. ಹಳದಿ ವೈರು ಚಿತ್ರಕ್ಕೆ, ಕೆಂಪು ಬಿಳಿ ವೈರು ದನಿಗೆ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಹಿಡಿಯುತ್ತದೆ, ಅವಸರ ನಡೆಯದು. ಚಿಕ್ಕಮ್ಮನ ಮದುವೆ ಇಳಿಸಿಯಾಗಿದೆ. ಮೊನ್ನೆ ದೊಡ್ಡವ್ವ “ನಿಲ್ಸಪ್ಪ” ಅಂದಾಗ ನಿಲ್ಲಿಸಿ ಎದ್ದು ಹೋದೆ. ಅವಳು ಬೇಕಾದಷ್ಟು ಹೊತ್ತು ನೋಡಲಿ, ಅಲ್ಲಿ ಏನೂ ಸವೆಯುವುದಿಲ್ಲ. ಯಾವ ದನಿ ಯಾರದು ಎಂದು ಅವಳು ಹೇಳಿದ್ದನ್ನು ಸಮಯದ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅದನ್ನು ಬಲ್ಲವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ.

ಕ್ಯಾಸೆಟ್ಟು ತರುವವರಿಗೆ ಎರಡು ಮಾತು ಹೇಳುತ್ತೇನೆ. ಕಿಂಡಿಯಲ್ಲಿ ರೀಲಿನ ಮೇಲೆ ಬಿಳಿ ಬೂಷ್ಟು ಕಂಡರೆ ಯಾರ ಡೆಕ್ಕಿಗೂ ಹಾಕಬೇಡಿ. ಅದು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ, ಮೊದಲು ಶುಚಿ ಮಾಡಬೇಕು. ಬೆನ್ನಿನ ಎಡತುದಿಯ ಪ್ಲಾಸ್ಟಿಕ್ ಚೂರು ಇನ್ನೂ ಇದ್ದರೆ ಇವತ್ತೇ ಮುರಿದುಬಿಡಿ. ಅದು ಮುರಿದರೆ ಅಪ್ಪಿತಪ್ಪಿಯೂ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ.